ಅಂಬಿಗನನ್ನು ನಲವತ್ತೊಂದು ಸಲ ಮುಳುಗಿಸಿದಾಕೆ

ಬೆಳಗಿನ ಐದೂಕಾಲು. ಜರ್ಮನಿಯ ಹಾಗೆನ್ ಪಟ್ಟಣದ ರೈಲು ಹಳಿಗಳ ಮಗ್ಗುಲಲ್ಲಿ, ಮೂರನೇ ಮಹಡಿಯ ಅಡುಗೆಮನೆಯಲ್ಲಿ, ಅರವತ್ತೇಳರ ರೋಸ್ವಿಟಾ ನೀಹೌಸ್ ಒಬ್ಬ ಅಂಬಿಗನನ್ನು ನದಿಗೆ ನೂಕುತ್ತಿದ್ದಾರೆ. ಇದು ನಲವತ್ತೊಂದನೇ ಸಲ. ಕಂಪ್ಯೂಟರ್ ಪರದೆಯ ಮೇಲೆ ಅಂಬಿಗನೆಂದರೆ ಹೆಬ್ಬೆರಳ ಉಗುರಿನಷ್ಟು ಕಂದು ಚೌಕ. ನದಿಯೆಂದರೆ ಸಾಲಾಗಿ ಜೋಡಿಸಿದ ನೀಲಿ ಚೌಕಗಳು. ಅಲೆಯಿಲ್ಲ, ಬಿಸಿಲ ಹೊಳಪಿಲ್ಲ, ಬಿದ್ದವನ ಚೀರಾಟವೂ ಇಲ್ಲ.

"ಹೋದ, ಪಾಪ," ಎನ್ನುತ್ತ ಅವರು ಚೌಕಳಿ ಹಾಳೆಯಲ್ಲಿ ಒಂದು ಗೀಟು ಎಳೆಯುತ್ತಾರೆ. ಹಂದಿ ಕೀಮಾ ಸವರಿ ಈರುಳ್ಳಿ ಉದುರಿಸಿದ ಬ್ರೆಡ್ಡನ್ನು ಕಚ್ಚುತ್ತಾರೆ. "ಈಗ ನೋಡೋಣ, ಇವನ ಮಗಳು ಬರ್ತಾಳೋ ಇಲ್ವೋ."

ಆಟದ ಹೆಸರು 'ಉಪ್ಪಿನ ದಾರಿ'. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಹೆನ್ನಿಂಗ್ ಮತ್ತು ದೆರ್ಯಾ ಎಂಬಿಬ್ಬರು ಆರು ವರ್ಷ ಕಟ್ಟಿದ್ದು. ಆಡುವವರು ಉಪ್ಪಿನ ಗಾಡಿ ಹೊಡೆದುಕೊಂಡು ಕಡಲಿಂದ ಬೆಟ್ಟಕ್ಕೆ ಹೋಗಬೇಕು. ದಾರಿಯಲ್ಲಿ ಮುನ್ನೂರ ಹನ್ನೆರಡು ಜನ ಸಿಗುತ್ತಾರೆ, ನೀವು ಮಾಡಿದ್ದನ್ನು ಅವರಲ್ಲಿ ಒಬ್ಬರೂ ಮರೆಯುವುದಿಲ್ಲ. ಆಟ ಅಂಗಡಿಗೆ ಬಂದು ಮೂರು ವಾರವಾಗಿದೆ. ಆದರೂ ಚಿಕ್ಕದೊಂದು ತಿದ್ದುಪಡಿ ಬಂದರೆ ಸಾಕು, ರೋಸ್ವಿಟಾ ಕಡಲ ದಂಡೆಯಿಂದಲೇ ಮತ್ತೆ ಗಾಡಿ ಕಟ್ಟುತ್ತಾರೆ. ತಪ್ಪು ಹುಡುಕುವುದೇ ಅವರ ಕೆಲಸ.

ಆ ಕೆಲಸ ಅವರಿಗೆ ರೈಲು ಹಳಿಗಳಿಂದ ಬಂದದ್ದು. ಇಪ್ಪತ್ತೆಂಟು ವರ್ಷ ಅವರು ಸಿಗ್ನಲ್ ಕ್ಯಾಬಿನ್ನಿನಲ್ಲಿ ರೈಲಿಗೆ ದಾರಿ ಬಿಡುವ ಲಿವರ್ ಎಳೆದವರು. ಕ್ಯಾಬಿನ್ ಮುಚ್ಚಿತು, ಆದರೆ ನಾಲ್ಕೂವರೆಗೆ ಏಳುವ ಅಭ್ಯಾಸ ಮುಚ್ಚಲಿಲ್ಲ. ಬಲ ಮಣಿಕಟ್ಟು ಇವತ್ತಿಗೂ ಚಳಿ ಹಿಡಿದರೆ ಮಡಚುವುದಿಲ್ಲ, ಹಾಗಾಗಿ ಮೌಸ್ ಎಡಗೈಗೆ ಬಂದಿದೆ. "ಹಳಿ ಎಲ್ಲಿ ಮುಗಿಯುತ್ತೆ ಅಂತ ನೋಡದೆ ಲಿವರ್ ಮುಟ್ಟಬಾರದು. ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ," ಎನ್ನುತ್ತಾರೆ. ಮೊದಲ ಊರಲ್ಲಿ ಲಾಟೀನು ಮಾರಿಕೊಂಡವನು ಅರವತ್ತು ಗಂಟೆ ಆಡಿ, ಕೊನೆಯ ಗುಹೆಯ ಕತ್ತಲಲ್ಲಿ ಸಿಕ್ಕಿಬಿದ್ದರೆ? ಹಳೆಯ ಕಾಲದ ಆಟಗಳಲ್ಲಿ ಇಂಥ ಪಾಡು ಪಟ್ಟವರಿಗೇ ಗೊತ್ತು ಆ ಸಂಕಟ. ರೋಸ್ವಿಟಾ ಲಾಟೀನು ಮಾರಿ, ಕಳೆದು, ಕಳ್ಳನಿಗೆ ಕೊಟ್ಟು, ಎಲ್ಲ ರೀತಿಯಲ್ಲೂ ನೋಡಿದ್ದಾರೆ. "ಒಳ್ಳೆಯವರಿಗೆ ಯಾವ ಆಟವಾದ್ರೂ ನಡೆಯುತ್ತೆ ರೀ. ತರಲೆಗಳಿಗೂ ನಡೀಬೇಕು. ಅದಕ್ಕೇ ನಾನು ದಿನಾ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ತರಲೆ ಆಗ್ತೀನಿ."

ಹೆನ್ನಿಂಗ್ ಐದು ವರ್ಷದ ಹಿಂದೆ ಆಟದ ಮೊದಲ ತುಣುಕನ್ನು ಜನರ ಮುಂದಿಟ್ಟಾಗ ಅಂಚೆಯಲ್ಲಿ ಹದಿನಾಲ್ಕು ಪುಟದ ಕಾಗದ ಬಂತು. ಅರವತ್ತಮೂರು ತಪ್ಪುಗಳ ಪಟ್ಟಿ, ಜೊತೆಗೆ ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆ. ಯಾರೋ ಮಹಾ ಪಂಡಿತನೇ ಇರಬೇಕೆಂದು ವಿಳಾಸ ಹುಡುಕಿಕೊಂಡು ಹೋದ. ಏಪ್ರನ್ ಕಟ್ಟಿಕೊಂಡ ಹೆಂಗಸು ಬಾಗಿಲು ತೆರೆದಳು.

"ನಿಮ್ಮ ಮಗ ಇದಾರಾ?" ಅಂದ.

"ಮಗ ಯಾಕಪ್ಪಾ? ನಿನ್ನ ಗಿರಣಿಯವನಿಗೆ ಒಂದು ಸಲ ಬೈದ್ರೆ ಆಮೇಲೆ ಬಾಗಿಲೇ ತೆಗೆಯಲ್ಲ, ಹಿಟ್ಟಿಲ್ಲದೆ ಸಾಯಬೇಕಾ ನಾನು? ಒಳಗೆ ಬಾ, ಶೂ ಬಿಚ್ಚು."

ಅಂದಿನಿಂದ ಅವನಿಗೆ ಅವರು ಗೌರವದ 'ಫ್ರಾವ್ ನೀಹೌಸ್', ಅವರಿಗೆ ಅವನು 'ನೀನು'. ಈವರೆಗೆ ಮೂವತ್ತೆಂಟು ನೋಟ್‌ಬುಕ್, ತಪ್ಪಿಗೊಂದರಂತೆ ಎರಡು ಸಾವಿರದ ನೂರ ನಲವತ್ತು ಚೀಟಿ. ಅಂಬಿಗನ ಮಗಳು ಹುಟ್ಟಿದ್ದೂ ಅಂಥ ಒಂದು ಚೀಟಿಯಿಂದಲೇ: 'ಅಂಬಿಗನನ್ನು ಮುಳುಗಿಸಿದೆ. ಯಾರೂ ಕೇಳಲಿಲ್ಲ. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲವೇ?' ಇದನ್ನು ಓದಿ ದೆರ್ಯಾ ಎರಡು ತಿಂಗಳು ಕೂತು ಆ ಮಗಳ ಕಥೆ ಬರೆದಳು.

ಇಷ್ಟೆಲ್ಲ ಕಳೆದ ಮಾರ್ಚ್‌ನಲ್ಲಿ ಕಸದ ಬುಟ್ಟಿ ಸೇರುವುದರಲ್ಲಿತ್ತು. ಆಟವನ್ನು ಅಂಗಡಿಗಳಿಗೆ ಮುಟ್ಟಿಸಬೇಕಾದ ಪ್ರಕಾಶನದವರು ಖಡಾಖಂಡಿತವಾಗಿ ಬರೆದಿದ್ದರು: ಈ ಕಾಲದಲ್ಲಿ ಚೌಕಗಳನ್ನು ಯಾರು ನೋಡುತ್ತಾರೆ? ಅರ್ಧ ಮಾತುಕತೆ ಕಿತ್ತುಹಾಕಿ, ಆ ದುಡಿಮೆಯನ್ನು ಗ್ರಾಫಿಕ್ಸ್‌ಗೆ ಸುರಿಯಿರಿ, ಇಲ್ಲವೇ ಬೇರೆಯವರನ್ನು ನೋಡಿಕೊಳ್ಳಿ. ಬೇರೆಯವರು ಯಾರೂ ಇರಲಿಲ್ಲ. ಹೌದು, ಇಂದಿನ ದೊಡ್ಡ ಆಟಗಳಲ್ಲಿ ಕುದುರೆಯ ಬೆವರೂ ಮಿನುಗುತ್ತದೆ. ಆದರೆ ಹಳ್ಳಿಯವನೊಬ್ಬನ ಮನೆ ದೋಚಿ ಬಂದು ಮತ್ತೆ ಅವನನ್ನೇ ಮಾತಾಡಿಸಿ ನೋಡಿ: ಅದೇ ನಗು, ಅದೇ 'ಬನ್ನಿ ಯಾತ್ರಿಕರೇ'. ಮೇಲೆ ಥಳುಕು, ಒಳಗೆ ಹುಳುಕು!

ಹೆನ್ನಿಂಗ್ ಕುಗ್ಗಿಹೋಗಿದ್ದ. ಕತ್ತರಿಸಬೇಕಾದವರ ಪಟ್ಟಿ ಬರೆದಿದ್ದ, ಮೊದಲ ಹೆಸರು ಅಂಬಿಗನ ಮಗಳದ್ದೇ. ರೋಸ್ವಿಟಾ ಆ ಹಾಳೆಯನ್ನು ಮಡಚಿ ತಮ್ಮ ಏಪ್ರನ್ ಜೇಬಿಗೆ ಹಾಕಿಕೊಂಡರು. "ಆ ಪ್ರಕಾಶನದ ಮನುಷ್ಯ ಒಂದು ಸಲ ಬಂದು ಆಡಲಿ. ಆಮೇಲೆ ಕತ್ತರಿ ಹಿಡಿಯುವಿಯಂತೆ."

ಪ್ರಕಾಶನದ ಫಾಲ್ಕ್ ವೆಂಡೆಲ್ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. "ಒಂದು ಗಂಟೆ ಅಷ್ಟೇ, ಆಮೇಲೆ ನನಗೆ ರೈಲಿದೆ," ಎಂದು ಕೋಟು ಬಿಚ್ಚದೆ ಕೂತರು. ಏಳನೇ ನಿಮಿಷಕ್ಕೆ, ಸುಮ್ಮನೆ ಪರೀಕ್ಷೆ ಮಾಡಲೆಂದು, ಅಂಬಿಗನನ್ನು ನೂಕಿದರು. ಹೆನ್ನಿಂಗ್ ಕಣ್ಣು ಮುಚ್ಚಿಕೊಂಡ.

"ತಳ್ಳಿದ್ರಾ?" ಎಂದರು ಮೂಲೆಯಲ್ಲಿದ್ದ ರೋಸ್ವಿಟಾ. "ಎಲ್ಲರೂ ತಳ್ಳೋದೇ. ಮುಂದೆ ಹೋಗಿ."

ವೆಂಡೆಲ್ ಮುಂದೆ ಹೋದರು. ದೋಣಿ ದಡದಲ್ಲೇ ಕೊಳೆಯಿತು. ಆಚೆ ದಡದ ಊರಿಗೆ ಉಪ್ಪು ಹೋಗಲಿಲ್ಲ, ಅಲ್ಲಿನ ಮೀನೆಲ್ಲ ನಾರಿತು, ಸಂತೆಯಲ್ಲಿ ಜನ ಗುಸುಗುಸು ಶುರುಮಾಡಿದರು. ಒಂದು ಗಂಟೆ ಕಳೆಯಿತು, ಕೋಟು ಕುರ್ಚಿಯ ಬೆನ್ನಿಗೆ ಬಂತು. ಮೂರನೇ ಗಂಟೆಯಲ್ಲಿ ನದಿಯ ನೀಲಿ ಚೌಕಗಳ ಮೇಲೆ ಪುಟ್ಟ ಹಳದಿ ಚೌಕವೊಂದು ತೇಲುತ್ತ ಬಂತು. ತಾನೇ ಕಟ್ಟಿದ ತೆಪ್ಪದ ಮೇಲೆ ಅಂಬಿಗನ ಮಗಳು. ಕಣ್ಣಿಲ್ಲ, ಮೂಗಿಲ್ಲ, ಮುಖವೇ ಇಲ್ಲ. ಕೆಳಗೆ ಒಂದೇ ಸಾಲು: 'ಹತ್ತಿ, ದಾಟಿಸುತ್ತೇನೆ. ಈ ದಡದಲ್ಲಿ ನಮ್ಮಪ್ಪನನ್ನು ಕಂಡಿರಾ?'

ವೆಂಡೆಲ್ ಮೌಸ್‌ನಿಂದ ಕೈ ತೆಗೆದರು. ಮೂಲೆಯತ್ತ ತಿರುಗಿದರು. "ಇವಳಿಗೆ ಏನಂತ ಹೇಳಲಿ?"

"ನನ್ನನ್ನು ಕೇಳ್ತೀರಾ? ತಳ್ಳಿದ್ದು ನೀವು," ಎಂದರು ರೋಸ್ವಿಟಾ.

ನಾಲ್ಕರ ರೈಲೂ ಹೋಯಿತು, ಐದರದ್ದೂ ಹೋಯಿತು. ಆರೂವರೆಗೆ ವೆಂಡೆಲ್ ಕೆಂಪು ಕಣ್ಣಲ್ಲಿ ಎದ್ದು ನಿಂತು, "ಚೌಕ ಹಾಗೇ ಇರಲಿ. ಒಂದು ಮಾತೂ ತೆಗೀಬೇಡಿ," ಎಂದರು. ದೆರ್ಯಾ ಕಿರುಚಿದ್ದು ಕೆಳಗಿನ ಸೈಕಲ್ ಅಂಗಡಿಯವರೆಗೂ ಕೇಳಿತಂತೆ. ಹೆನ್ನಿಂಗ್ ಮಾತ್ರ, "ಫ್ರಾವ್ ನೀಹೌಸ್, ಆ ಪಟ್ಟಿ ಎಲ್ಲಿ?" ಅಂದ. "ಒಗೆಯೋಕೆ ಹಾಕ್ದೆ, ಏಪ್ರನ್ ಜೊತೆ," ಅಂದರು ಅವರು.

ಗೆದ್ದರು, ಸಂಶಯವೇ ಇಲ್ಲ. ಅಂಗಡಿಗೆ ಬಂದ ಆಟದ ಮೊದಲ ಕಂತು ಆರು ದಿನದಲ್ಲಿ ಖಾಲಿ. ಓಸ್ಲೋದಿಂದ, ಘೆಂಟ್‌ನಿಂದ ಚೌಕಳಿ ಹಾಳೆಯ ನಕ್ಷೆಗಳು ಅಂಚೆಯಲ್ಲಿ ಬರುತ್ತಿವೆ. ಆಡುವವರೂ ಪೆನ್ಸಿಲ್ ಹಿಡಿದಿದ್ದಾರೆ. ಹೆಚ್ಚಿನ ಕಾಗದಗಳು ಅಂಬಿಗನ ಮಗಳ ಹೆಸರಿಗೇ. ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಮಾತ್ರ ನೀಹೌಸ್ ಇಲ್ಲ, ಅವರೇ ಬೇಡವೆಂದಿದ್ದರು. "ರೈಲು ಸರಿಯಾದ ಹೊತ್ತಿಗೆ ಬಂದ್ರೆ ಸಿಗ್ನಲ್ಲಿನವಳ ಹೆಸರು ಯಾರಾದ್ರೂ ಕೇಳ್ತಾರಾ?"

ಈಗ ಗಂಟೆ ಎಂಟು. ಅಂಬಿಗನ ಮಗಳು ತೆಪ್ಪದಲ್ಲಿ ಬಂದು ಹೋಗಿದ್ದಾಳೆ. ರೋಸ್ವಿಟಾರ ಗಾಡಿ ಬೆಟ್ಟದ ಕಣಿವೆ ದಾಟುತ್ತಿದೆ. ಥಟ್ಟನೆ ಅವರ ಎಡಗೈ ನಿಲ್ಲುತ್ತದೆ. ನಕ್ಷೆ ನೋಡುತ್ತಾರೆ, ಪರದೆ ನೋಡುತ್ತಾರೆ. ಐದು ವರ್ಷದಿಂದ ಬರೀ ಕಲ್ಲಿದ್ದ ಜಾಗದಲ್ಲಿ ಒಂದು ಮನೆ. ಹೊಸ ತಿದ್ದುಪಡಿಯೊಡನೆ ಹೆನ್ನಿಂಗ್ ಮತ್ತು ದೆರ್ಯಾ ಇವರಿಗೆ ಹೇಳದೆ ಸೇರಿಸಿದ್ದು. ಒಳಗೆ ಸಾಲಾಗಿ ಏಳು ಲಿವರ್, ಪಕ್ಕದಲ್ಲಿ ಒಂದು ಬೂದು ಚೌಕ. ಕೆಳಗೆ ಅಕ್ಷರ ಮೂಡುತ್ತದೆ: 'ದಾರಿ ಬಿಟ್ಟಿದೆ. ಧೈರ್ಯವಾಗಿ ಹೋಗಿ. ಮುಂದೆಲ್ಲ ನಾನು ನೋಡಿದ್ದೇನೆ.'

"ಅಯ್ಯೋ, ಕತ್ತೆಗಳಾ," ಎನ್ನುತ್ತಾರೆ ರೋಸ್ವಿಟಾ. ಅವರು ಅಳುತ್ತಿದ್ದಾರೆ, ಮುಚ್ಚಿಡುವುದೂ ಇಲ್ಲ. ಏಪ್ರನ್ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

ಆಮೇಲೆ ಮೌಸ್ ಹಿಡಿದು ಆ ಬೂದು ಚೌಕದ ಹೆಂಗಸಿಗೆ ಬೈಯುತ್ತಾರೆ. ಅವಳು ಖಾರವಾಗಿಯೇ ತಿರುಗಿಸಿ ಕೊಡುತ್ತಾಳೆ. ಇನ್ನೊಮ್ಮೆ ಬೈಯುತ್ತಾರೆ. ಉತ್ತರವಿಲ್ಲ.

ರೋಸ್ವಿಟಾ ಪೆನ್ಸಿಲ್ ಚೂಪು ಮಾಡಿ ಹೊಸ ಚೀಟಿ ತೆಗೆಯುತ್ತಾರೆ. ಸಂಖ್ಯೆ ಎರಡು ಸಾವಿರದ ನೂರ ನಲವತ್ತೊಂದು. 'ಲಿವರ್ ಮನೆಯ ಹೆಂಗಸು ಎರಡನೇ ಬೈಗುಳಕ್ಕೆ ಸುಮ್ಮನಾಗುತ್ತಾಳೆ. ತಪ್ಪು. ಅವಳು ಸುಮ್ಮನಾಗುವವಳಲ್ಲ. ಕೂಡಲೇ ಸರಿಪಡಿಸಿ.'