ಮಾಮನ ಶೂ ತಳ

ನನ್ನ ಹಾಗೆ ಹತ್ತು ಜನಕ್ಕೆ ಫೋನ್‌ನಲ್ಲಿ ತಮಾಷೆಗೆ ಟೋಪಿ ಹಾಕಿದವನಿಗೆ ಬರೋ ಪ್ರತಿ ಕಾಲ್ ಮೇಲೂ ಅನುಮಾನ. ನಮ್ಮ ಮಾಮ ಮರುಭೂಮಿಯ ನ್ಯಾಷನಲ್ ಪಾರ್ಕ್ ಒಂದರಲ್ಲಿ ಒಬ್ಬರೇ ನಾಲ್ಕು ದಿನ ಹೈಕ್ ಮಾಡೋಕೆ ಪರ್ಮಿಟ್ ಕೇಳಿದ್ದರು. ಅವರು ಸ್ನಾನಕ್ಕೆ ಹೋಗಿದ್ದಾಗ ಅವರ ಫೋನ್ ಹೊಡ್ಕೊಂಡಿತು. ನಾನೇ ಎತ್ತಿ, ಮಾಮ ಸ್ನಾನಕ್ಕೆ ಹೋಗಿದಾರೆ ಅಂದೆ.

"ಪಾರ್ಕ್ ಆಫೀಸಿಂದ ಮಾತಾಡ್ತಿದೀನಿ, ಪರ್ಮಿಟ್ ವಿಚಾರ," ಅಂದರು ಒಬ್ಬ ಹೆಂಗಸು. "ಅವರ ಟೆಂಟ್ ಯಾವ ಬಣ್ಣ?"

"ಹಸಿರು," ಅಂದೆ.

"ಶೂ ತಳದಲ್ಲಿ ಯಾವ ಡಿಸೈನ್ ಇದೆ?"

ಶೂ ತಳ ಯಾವ ಆಫೀಸಿನವರು ಕೇಳ್ತಾರೆ? ಇದು ನನ್ನ ಫ್ರೆಂಡ್ ವಿಕ್ಕಿಯ ಅಕ್ಕ. ಹೋದ ವಾರ ನಾನು ಅವಳಿಗೆ ಫೋನ್‌ನಲ್ಲಿ ಟೋಪಿ ಹಾಕಿದ್ದಕ್ಕೆ ಸೇಡು ತೀರಿಸ್ಕೊಳ್ತಿದಾಳೆ ಅಂದುಕೊಂಡೆ.

"ಮಸಾಲೆ ದೋಸೆ ಡಿಸೈನ್," ಅಂದೆ.

"ಅದು ಹೇಗಿರುತ್ತೆ?"

"ದುಂಡಗೆ. ನಡುವೆ ಪಲ್ಯ."

ಆ ಕಡೆ ಯಾರೂ ನಗಲಿಲ್ಲ. ಕೀಬೋರ್ಡ್ ಟಕಟಕ ಅಂತಿತ್ತು.

"ಇದೆಲ್ಲ ಯಾಕೆ ಬೇಕು ನಿಮಗೆ?" ಅಂತ ಕೇಳಿದೆ.

"ಅವರು ವಾಪಸ್ ಬರದೇ ಹೋದ್ರೆ ಮರಳಲ್ಲಿ ಆ ಗುರುತು ಹುಡುಕಿಕೊಂಡು ಹೋಗೋರು ನಾವೇ."

ವಿಕ್ಕಿಯ ಅಕ್ಕನಿಗೆ ಇಷ್ಟು ತಲೆ ಇಲ್ಲ. ಬಾಗಿಲ ಹತ್ತಿರ ಓಡಿ ಮಾಮನ ಶೂ ಮಗುಚಿ ನೋಡಿದೆ. "ಸಾರಿ ಮೇಡಂ, ದೋಸೆ ಅಳಿಸಿಬಿಡಿ. ಅಂಕುಡೊಂಕು ಗೆರೆ, ಹಿಮ್ಮಡಿಯಲ್ಲಿ ನಕ್ಷತ್ರ," ಅಂದೆ.

ಅಷ್ಟರಲ್ಲಿ ಮಾಮ ಟವೆಲ್ ಸುತ್ಕೊಂಡು ಬಂದರು. ಶೂ ನನ್ನ ಕೈಲಿತ್ತು.

"ಏನೋ ಹಾಕ್ದೆ ಅದರೊಳಗೆ?"

"ಏನಿಲ್ಲ ಮಾಮ, ಡಿಸೈನ್ ನೋಡ್ತಿದ್ದೆ."

ನಂಬಲಿಲ್ಲ. ಎರಡೂ ಶೂಗಳನ್ನ ಮೂರು ಮೂರು ಸಾರಿ ಕೊಡವಿದರು.

ಮರುಭೂಮಿಯಲ್ಲಿ ಚೇಳು ಇರುತ್ತಂತೆ, ಶೂ ಕೊಡವಿಯೇ ಹಾಕ್ಕೋಬೇಕಂತೆ. ಆ ಟ್ರೇನಿಂಗ್ ಮಾಮನಿಗೆ ನಾನು ಎಷ್ಟೋ ವರ್ಷದಿಂದ ಕೊಡ್ತಿದೀನಿ.