ಕಥೆ ಬರೆಯುವಾಗ ಕೆಳಗೆ ನಿಂತಿದ್ದವರು

ಗೆಳೆಯರೇ, ನನ್ನ ಆನೆಯ ಕಥೆಗೆ ಇವತ್ತು ದೊಡ್ಡಮ್ಮ ಕಲ್ಲು ಹಾಕಿದರು.

ಕಥೆಯನ್ನು ಯಾರು ಹೇಳಬೇಕೆಂದು ಬಗೆಹರಿಯದೆ ಎರಡು ಸಲ ಹರಿದು ಹಾಕಿದ್ದೆ. ಇವತ್ತು ನಸುಕಿನಲ್ಲಿ, ಕಲ್ಲೂರಿನ ನಮ್ಮ ಗದ್ದೆ ಕಾಯಲು ಮರದ ಮೇಲಿನ ಬಿದಿರಿನ ಅಟ್ಟಣೆ ಏರುಮಾಡದಲ್ಲಿ ಕೂತವನು, ಕಾವಲುಗಾರನೇ ಹೇಳುವಂತೆ ತಲೆ ಎತ್ತದೆ ಬರೆದು ಮುಗಿಸಿದೆ. ಬೆಳಗಾದ ಮೇಲೆ ಕಾಫಿ ತಂದ ದೊಡ್ಡಮ್ಮನಿಗೆ ಮೇಲಿನಿಂದಲೇ ಜಂಬದಲ್ಲಿ ಓದಿದೆ: "ನಾನು ಆನೆಯನ್ನೇ ನೋಡುತ್ತಿದ್ದೆ. ನಾನಿರುವುದು ಅದಕ್ಕೆ ತಿಳಿಯಲೇ ಇಲ್ಲ."

ದೊಡ್ಡಮ್ಮ ಮರದ ಬುಡ ನೋಡುತ್ತಿದ್ದರು. "ಕೆಳಕ್ಕಿಳಿ ಮಗಾ."

ಇಳಿದೆ. ಕೆಸರಿನಲ್ಲಿ ಮೊರದಗಲದ ಹೆಜ್ಜೆಗಳು. ಅವುಗಳೊಳಗೆ ಇನ್ನೂ ನೀರು ಒಸರುತ್ತಿತ್ತು.

ಗದ್ದೆಯಲ್ಲಿ ನಿಂತು ನಮ್ಮವರು ಆನೆಯ ಹೆಸರೆತ್ತುವುದಿಲ್ಲ. "ದೊಡ್ಡೋರು ಬಂದವ್ರೆ," ಅಂದರು ದೊಡ್ಡಮ್ಮ. "ಉಗುರಿನ ಗುರುತು ನೋಡು, ಮೊಕ ನಿನ್ ಕಡೀಕೇ ಐತೆ. ದಾಟ್ಕಂಡ್ ಹೋಗಿದ್ರೆ ಹೆಜ್ಜೆ ಸಾಲಾಗಿರ್ತಿತ್ತು. ಇಲ್ಲಿ ಕಾಲು ಬದಲಾಯಿಸ್ಕಂಡು ಬಾಳಾ ಹೊತ್ತು ನಿಂತವ್ರೆ."

"ಭತ್ತ?"

"ಒಂದು ತೆನೆನೂ ಮುಟ್ಟಿಲ್ಲ. ನಿನ್ನೇ ನೋಡ್ತಿದ್ರು."

ಗುರುತಿನೊಳಕ್ಕೆ ಕಾಲಿಟ್ಟೆ. ಒಂದೇ ಹೆಜ್ಜೆಯೊಳಗೆ ನನ್ನ ಎರಡೂ ಪಾದ ಹಿಡಿಸಿದವು. ಅಲ್ಲಿ ನಿಂತು ತಲೆ ಎತ್ತಿದೆ. ನಾನು ಕೂತಿದ್ದ ಜಾಗ, ಬಿಟ್ಟು ಬಂದ ನೋಟ್‌ಬುಕ್ಕು, ಹಾಳೆ ಅಲುಗುವುದು ಕೂಡ ಬಿದಿರಿನ ಸಂದಿಯಲ್ಲಿ ಕಾಣುತ್ತಿತ್ತು. ಎಷ್ಟು ಸಣ್ಣ ಜಾಗ! ಮೂರು ತಿಂಗಳಿಂದ ಕಥೆಗಾಗಿ ನಾನು ಹುಡುಕುತ್ತಿದ್ದ ಕಣ್ಣು ನನ್ನ ಕೆಳಗೇ ನಿಂತು ಹೋಗಿತ್ತು.

ಕಥೆಯನ್ನು ಇನ್ನು ಆ ದೊಡ್ಡೋರೇ ಹೇಳಲಿ. ತೆನೆ ಮುಟ್ಟದೆ ನಿಂತು, ನನ್ನನ್ನು ಕಾವಲುಗಾರ ಎಂದು ನಂಬಿದವರು ಈ ಊರಿನಲ್ಲಿ ಅವರೊಬ್ಬರೇ.