ಟಿ.ವಿ. ಮೇಲೆ ಬಿದ್ದ ಅಕ್ಷತೆ

ಅಕ್ಷತೆ ಕಾಳು ಟಿ.ವಿ.ಯ ಗಾಜಿಗೆ ಪಟಪಟನೆ ಬಡಿದು ನೆಲಕ್ಕೆ ಬಿದ್ದವು. ಹೆಮ್ಮರಗಾಲ ಊರಿಗೆಲ್ಲ ನಾಲ್ಕೇ ಟಿ.ವಿ. ಇದ್ದ ಕಾಲ. ಭಾನುವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ನಡುಮನೆ ತುಂಬ ಹೆಂಗಸರು. ಮಾಯಾಮಂತ್ರದ ಧಾರಾವಾಹಿಯ ನಾಯಕ ಯಾವುದೋ ಬೇರನ್ನು ಮೂಸಿಸಿ ರಾಜಕುಮಾರಿಯ ಜ್ಞಾನ ತಪ್ಪಿಸಿದ್ದ. ಮಲಗಿದ್ದವಳ ಕೊರಳಿಗೆ ತಾಳಿ ಕಟ್ಟಿದ. ದೇವರ ಮದುವೆ ತೋರಿಸುವಾಗ ಮಾಡುವಂತೆಯೇ, ಮನೆಯಜ್ಜಿ ಅಂದೂ ಎಲ್ಲರ ಕೈಗೆ ಅಕ್ಷತೆ ಕೊಟ್ಟಿದ್ದರು. ಅವನು ಅವಳನ್ನು ಎತ್ತಿಕೊಂಡು ಮಲಗುವ ಕೋಣೆಗೆ ನಡೆದಾಗ ಹೆಂಗಸರೆಲ್ಲ ನಾಚಿಕೊಂಡು ನಕ್ಕರು.

ಹೊಸ್ತಿಲಾಚೆ ಕೂತಿದ್ದ, ಕಳೆ ಕೀಳಲು ಬರುವ ಸಿದ್ದಮ್ಮ ನಗಲಿಲ್ಲ. "ಆ ಮಗೀಗೆ ಗ್ಯಾನನೇ ಇಲ್ವಲ್ಲವ್ವಾ. ಅವಳ್ನ ಒಂದ್ ಮಾತ್ ಕೇಳ್ಬ್ಯಾಡ್ವಾ?" ಎಂದಳು.

"ತಾಳಿ ಕಟ್ಟವ್ನಲ್ಲ, ಇನ್ನೇನ್ ಕೇಳೋದು? ಸುಮ್ಕಿರು" ಎಂದರು ಅಜ್ಜಿ.

ಮತ್ತೆ ನಗು. ಸಿದ್ದಮ್ಮ ಸೆರಗು ಕೊಡವಿಕೊಂಡು ಎದ್ದು ಹೋದಳು. ನಾನೂ ನಕ್ಕೆ. ಮದುವೆಯಾಗಿ ಆ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಈ ಹೆಂಗಸರನ್ನು ಬಿಟ್ಟರೆ ಅಲ್ಲಿ ನನಗೆ ಮಾತಿಗೂ ಯಾರೂ ಇರಲಿಲ್ಲ. ಆದರೆ ಮುಷ್ಟಿಯಲ್ಲಿದ್ದ ಅಕ್ಷತೆ ಹಾಕಲು ಕೈ ಬರಲಿಲ್ಲ. ಮನೆಗೆ ಬಂದು ಮುಷ್ಟಿ ಬಿಚ್ಚಿದರೆ ಅಂಗೈಯೆಲ್ಲ ಅರಿಶಿನ.

ಸಿದ್ದಮ್ಮನ ಹಿಂದೆಯೇ ಎದ್ದು ಹೋಗಬೇಕಿತ್ತು ಎಂದು ಈಗಲೂ ಅನಿಸುತ್ತದೆ. ರಾಜಕುಮಾರಿಗಾದರೂ ಜ್ಞಾನ ತಪ್ಪಿತ್ತು. ಆ ನಾಲ್ಕು ತಿಂಗಳೂ ನಾನು ಎಚ್ಚರವಾಗಿಯೇ ಇದ್ದೆ. ನನ್ನ ಗಂಡ ಒಂದು ರಾತ್ರಿಯೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ.